ಹೊಲಿಯದೆ ಉಳಿದ ಖಣಗಳು

ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ನೀವೂ ನೋಡಿರುತ್ತೀರಿ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಮಧ್ಯಾಹ್ನದ ಬಸ್ಸಿನಿಂದ ಮದುವೆಯಾದ ಹೆಣ್ಣುಮಗಳೊಬ್ಬಳು ಒಬ್ಬಳೇ ಇಳಿಯುತ್ತಾಳೆ. ಕೈಯಲ್ಲಿ ಚೀಲವಿಲ್ಲ. ಸೆರಗು ಹಣೆಯ ತನಕ ಬಂದಿದೆ. ಕಟ್ಟೆಯ ಮೇಲೆ ಕುಳಿತವರ ಮಾತು ಅಲ್ಲಿಗೇ ನಿಲ್ಲುತ್ತದೆ. ಒಬ್ಬರು ಬೀಡಿ ಹಚ್ಚುತ್ತಾರೆ, ಇನ್ನೊಬ್ಬರು ಮೋಡ ನೋಡುತ್ತಾ ಮಳೆಯ ಮಾತು ತೆಗೆಯುತ್ತಾರೆ. ಅವಳು ಯಾಕೆ ಬಂದಳೆಂದು ಎಲ್ಲರಿಗೂ ಗೊತ್ತು. ಕೇಳುವವರು ಮಾತ್ರ ಯಾರೂ ಇಲ್ಲ.

ಆಳಂದ ತಾಲ್ಲೂಕಿನ ನರೋಣಾದಲ್ಲಿ ಹಾಗೆ ಬಂದು ಇಳಿಯುತ್ತಿದ್ದವಳು ಶಿವಕಾಂತಾ. ರೈತ ಕಲ್ಯಾಣಪ್ಪ ಮತ್ತು ಗೌರಾಬಾಯಿಯ ಒಬ್ಬಳೇ ಮಗಳು. ಅವಳನ್ನು ಅಫಜಲಪುರ ತಾಲ್ಲೂಕಿನ ಚೌಡಾಪುರಕ್ಕೆ ಕೊಟ್ಟಿದ್ದರು. ಅಳಿಯ ದತ್ತಪ್ಪನದು ಅಲ್ಲಿ ರಸ್ತೆಯ ಮೇಲೆ ಚಹಾದ ಹೋಟೆಲು. ಗಾಣಗಾಪುರಕ್ಕೆ ಹೋಗಿ ಬರುವ ಜನ ಅಲ್ಲಿ ಇಳಿದು ಸುಸಲಾ, ಮಿರ್ಚಿ ಭಜಿ ತಿಂದು ಚಹಾ ಕುಡಿಯುತ್ತಾರೆ. ದತ್ತಪ್ಪ ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ. ಗಿರಾಕಿಗಳ ಜೊತೆ ಬೆಣ್ಣೆಯಂಥ ಮಾತು. ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ನರೋಣಾದವರೆಲ್ಲ ಹೇಳಿದ್ದರು. ಹೇಳುವುದಕ್ಕೇನು, ಎಲುಬಿಲ್ಲದ ನಾಲಿಗೆ.

ಮಗಳು ಹೀಗೆ ಬಂದಾಗಲೆಲ್ಲ ಗೌರಾಬಾಯಿ ಮಾಡುತ್ತಿದ್ದದ್ದು ಒಂದೇ. ಕೈಕಾಲಿಗೆ ನೀರು ಕೊಡುವುದು, ಬಿಸಿ ರೊಟ್ಟಿ ಬಡಿದು ಹಾಕುವುದು, "ಎಲ್ಲಾರೂ ಆರಾಮ ಅದಾರಿಲ್ಲೋ?" ಎಂದು ಕೇಳುವುದು. ಮಗಳು ತಲೆ ಆಡಿಸಿದರೆ ಸಾಕು, ಮುಂದೆ ಕೇಳುತ್ತಿರಲಿಲ್ಲ. ಮರುದಿನ ಅವಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬುತ್ತಿದ್ದಳು. ಮಗಳು ಸೆರಗು ಒಡ್ಡಬೇಕು, ತಾಯಿ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಎಲೆ ಅಡಿಕೆ ಹಾಕಿ, ಮೇಲೆ ಕುಬಸಕ್ಕೆಂದು ಒಂದು ಹೊಸ ಖಣ, ಅಂದರೆ ರವಿಕೆಯ ಬಟ್ಟೆ, ಇಡಬೇಕು. ತವರಿನಿಂದ ಹೋಗುವ ಮಗಳು ಬರಿ ಉಡಿಯಲ್ಲಿ ಹೋಗಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಉಡಿ ತುಂಬಿದ ಮೇಲೆ ಕಲ್ಯಾಣಪ್ಪ ಮಗಳನ್ನು ಬಸ್ಸಿಗೆ ಹತ್ತಿಸಿ ಬರುತ್ತಿದ್ದ.

ಒಮ್ಮೆ ದೀಪಾವಳಿ ಮುಗಿದ ಮೇಲೆ ಹಾಗೆ ಬಂದವಳು ಉಡಿಗೆ ಸೆರಗನ್ನು ಒಂದೇ ಕೈಯಲ್ಲಿ ಒಡ್ಡಿದ್ದಳು. "ಎರಡೂ ಕೈಲೆ ಹಿಡೀಬೇಕು ಬೇ, ಇಷ್ಟು ಸೈತ ತಿಳಿಯೂದಿಲ್ಲ?" ಎಂದು ಗೌರಾಬಾಯಿ ಬೈದಿದ್ದಳು. ಮಗಳು ಎಡಗೈಯನ್ನು ಮೆಲ್ಲಗೆ ತಂದು ಸೆರಗಿನ ತುದಿಗೆ ಹಚ್ಚಿದ್ದಳು. ಈ ಮಾತನ್ನು ನೆನಪಿಡಿ.

ಗೋಡೆಯಾಚೆ ವಜೀರುನ್ನಿಸಾಳ ಮನೆ. ಅವಳದು ಹೊಲಿಗೆಯ ಕೆಲಸ. ಊರಿನ ಮಹಿಳಾ ಸಂಘದಲ್ಲಿದ್ದಳು, ಆಳಂದದಲ್ಲಿ ಸಂಘದವರ ಶಿಬಿರ ನಡೆದಾಗ ಹೋಗಿ ಕುಳಿತು ಕೇಳಿ ಬಂದಿದ್ದಳು. ಬಾಯಿ ಸುಮ್ಮನಿರುವ ಹೆಂಗಸಲ್ಲ. ಒಂದು ದಿನ ಗೌರಾಬಾಯಿ ಮಗಳನ್ನು ಕಳಿಸಿ ಒಲೆಯ ಮುಂದೆ ಕುಳಿತಾಗ ಬಂದು ಹೊಸ್ತಿಲ ಮೇಲೆ ಕುಳಿತಳು.

"ಗೌರಕ್ಕ, ಒಂದ ಮಾತ ಕೇಳ್ತೇನಿ, ಸಿಟ್ಟ ಆಗಬ್ಯಾಡ. ಶಿವಕಾಂತಾ ಬಂದಾಗೊಮ್ಮೆ ಹೊಸ ಖಣ ಕೊಡ್ತಿ. ಅಕಿ ಒಂದ ಸರ್ತಿನೂ ನನ್ನ ಹಂತ್ಯಾಕ ಬಂದು ಅಳತಿ ಕೊಟ್ಟಿಲ್ಲ. ಮೈಮ್ಯಾಲ ಮದುವ್ಯಾಗ ನಾ ಹೊಲಿದ ಕುಬಸನ ಅದ."

"ಚೌಡಾಪುರದಾಗ ಹೊಲಸಿರಬೇಕು ಬಿಡು."

"ಹೊಲಸಿದ್ರ ಹಾಕ್ಕೊಂತಿದ್ಲಲ್ಲ." ವಜೀರುನ್ನಿಸಾ ದನಿ ಇಳಿಸಿದಳು. "ಅಂವ ಅಕಿಗಿ ಹೊಡೀತಾನ, ಗೌರಕ್ಕ."

"ಒಂದೆರಡ ಏಟು ಯಾವ ಗಂಡ ಹೊಡಿಯೂದಿಲ್ಲ? ನಮ್ಮತ್ತಿ ಕಾಲದಾಗ ಒಲಿ ಕಟಗಿ ತಗೊಂಡ ಬಡೀತಿದ್ರು. ಗಂಡ ಹೆಂಡ್ತಿ ಜಗಳ ಉಂಡು ಮಲಗೂತನಕ."

"ಆ ಗಾದಿ ಕಟ್ಟಿದವರು ಉಂಡು ಮಲಗ್ಯಾರ. ಶಿವಕಾಂತಾ ಉಪಾಸ ಬಸ್ ಹತ್ತಿ ಬರ್ತಾಳ."

ಗೌರಾಬಾಯಿ ಒಲೆಯ ಬೂದಿ ಕೆದರಿದಳು. ವಜೀರುನ್ನಿಸಾ ಬಿಡಲಿಲ್ಲ.

"ಗುಲಬರ್ಗಾದಾಗ ಕುಟುಂಬ ಸಲಹಾ ಕೇಂದ್ರ ಅಂತ ಅದ. ನಮ್ಮ ಶಿಬಿರಕ್ಕ ಅಲ್ಲಿಂದ ಶಾರದಾಬಾಯಿ ಅಂತ ಬಂದಿದ್ರು. ಹೊಡಸಿಕೊಂಡಾಕಿ ಮಾತೂ ಕೇಳ್ತಾರ, ಹೊಡದಾಂವನ್ನೂ ಕರಸಿ ಕುಂದರಸ್ತಾರ. ರೊಕ್ಕ ತಗೊಳಾಂಗಿಲ್ಲ. ಜೇವರಗಿ ಕಡಿಯಿಂದ ಒಬ್ಬಾಕಿ ಹೋಗಿದ್ಲಂತ, ಈಗ ಆರಾಮ ಅದಾಳ."

ಒಳಗೆ ಊಟಕ್ಕೆ ಕುಳಿತಿದ್ದ ಕಲ್ಯಾಣಪ್ಪನಿಗೆ ಇದು ಕೇಳಿಸಿತು. ಅವನು ಒರಟನಲ್ಲ. ಮಗಳೆಂದರೆ ಪ್ರಾಣ. ಆದರೆ ಮರ್ಯಾದೆ ಎಂಬುದು ಅವನ ತಲೆಯ ಮೇಲಿನ ರುಮಾಲಿಗಿಂತ ಭಾರವಾಗಿತ್ತು.

"ವಜೀರಾ, ನಿನ್ನ ಮನಸ ಚಲೋ ಅದ, ನಾ ಇಲ್ಲ ಅನ್ನೂದಿಲ್ಲ. ಆದ್ರ ಒಮ್ಮೆ ಕಚೇರಿ ಮೆಟ್ಟಲಾ ಹತ್ತಿದ ಸಂಸಾರ ಮತ್ತ ಕೂಡೂದಿಲ್ಲ. ಇರೂದು ಒಬ್ಬಾಕಿ ಮಗಳು. ಅಕಿ ಗಂಡನ್ನ ಬಿಟ್ಟು ಬಂದು ಕುಂತ್ರ ನಾ ಊರಾಗ ಹ್ಯಾಂಗ ತಲಿ ಎತ್ತಲಿ?"

ವಜೀರುನ್ನಿಸಾ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳಿಸಿತು, ಎಂದಿಗಿಂತ ಜೋರಾಗಿ.

ಆ ವರ್ಷ, ಅಂದರೆ ತೊಂಬತ್ತನಾಲ್ಕರಲ್ಲಿ, ಪಂಚಮಿ ಬಂತು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಮನೆಮನೆಗೆ ಮಗಳು ಬರುತ್ತಾಳೆ, ಬೇವಿನ ಮರಕ್ಕೆ ಜೋಕಾಲಿ ಬೀಳುತ್ತದೆ. ಗೌರಾಬಾಯಿ ಜೋಳದ ಅಳ್ಳು ಹುರಿದು, ಉಂಡಿ ಕಟ್ಟಿ ಕಾಯುತ್ತಿದ್ದಾಗ ಬಂದದ್ದು ಮಗಳಲ್ಲ, ಸುದ್ದಿ. ಗಾಣಗಾಪುರಕ್ಕೆ ಹೋಗಿ ಬಂದ ಊರವರೊಬ್ಬರ ಕೈಲಿ ದತ್ತಪ್ಪ ಹೇಳಿ ಕಳಿಸಿದ್ದ, ಶಿವಕಾಂತಾಳಿಗೆ ಜ್ವರ, ಈ ಸಲ ಬರುವುದಾಗುವುದಿಲ್ಲ ಎಂದು.

ಗೌರಾಬಾಯಿಗೆ ಅಂದು ಒಂದು ತುತ್ತೂ ಇಳಿಯಲಿಲ್ಲ. ಕಲ್ಯಾಣಪ್ಪ ಹೊಲದಲ್ಲಿ ಹೆಸರು ಬಿಡಿಸುವ ಆಳುಗಳ ಹಿಂದೆ ಇದ್ದ. ಅವಳು ಉಂಡಿ, ಅಳ್ಳು, ಉಡಿಯ ಸಾಮಾನು, ಹೊಸದೊಂದು ನೇರಳೆ ಬಣ್ಣದ ಖಣ ಗಂಟು ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ನಿಂತಳು. ಪಕ್ಕದಲ್ಲಿ ವಜೀರುನ್ನಿಸಾ ಬಂದು ನಿಂತಳು. ಅವಳ ಚೀಲದಲ್ಲಿ ಅಳತೆಯ ಟೇಪು ಇತ್ತು.

"ನೀ ಯಾಕ ಬರ್ತಿ?"

"ಅಳತಿ ತಗೊಂಡ ಬರ್ತೇನಿ. ಎಷ್ಟ ಖಣ ಹಂಗ ಬಿದ್ದಾವೋ."

ಗುಲಬರ್ಗಾದಲ್ಲಿ ಬಸ್ ಬದಲಿಸಿ ಚೌಡಾಪುರ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ದತ್ತಪ್ಪ ಭಜಿ ಕರಿಯುತ್ತಿದ್ದ. ಅತ್ತೆಯನ್ನು ಕಂಡು ಜಾಲರಿ ಸೌಟು ಕೆಳಗಿಟ್ಟು ಓಡಿ ಬಂದು ಕಾಲಿಗೆ ನಮಸ್ಕಾರ ಮಾಡಿದ.

"ಬರ್ರಿ ಅತ್ತಿ, ಬರ್ರಿ. ಬಿಸಲಾಗ ಬಂದೀರಿ, ಮೊದಲ ಚಹಾ ಕುಡೀರಿ. ಅಕಿಗಿ ಜ್ವರ ಬಂದಾದ, ಈಗ ಮಲಗ್ಯಾಳ. ಎಬ್ಬಸೂದು ಬ್ಯಾಡ."

"ಮಾರಿ ನೋಡಿ ಬರ್ತೇನ್ರಿ ಅಳಿಯಂದಿರ," ಎಂದು ಗೌರಾಬಾಯಿ ಹೋಟೆಲಿನ ಹಿಂದಿದ್ದ ಮನೆಗೆ ನಡೆದಳು. ಅಷ್ಟರಲ್ಲಿ ಬಸ್ಸೊಂದು ಬಂದು ಗಿರಾಕಿಗಳು ಇಳಿದರು. ದತ್ತಪ್ಪ ಅವರ ಕಡೆ ತಿರುಗಿದ.

ಶಿವಕಾಂತಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈಮೇಲೆ ಸೀರೆ ಇತ್ತು, ಕುಬಸ ಇರಲಿಲ್ಲ. ದತ್ತಪ್ಪನ ಹಳೆಯ ಅಂಗಿ ಹಾಕಿಕೊಂಡಿದ್ದಳು.

"ಇದೇನ ಬೇ, ಗಂಡಸರ ಅಂಗಿ?" ಎಂದಳು ಗೌರಾಬಾಯಿ. ವಜೀರುನ್ನಿಸಾಳಿಗೆ ಕೇಳುವುದು ಬೇಕಾಗಲಿಲ್ಲ. ಅವಳು ಎಡತೋಳನ್ನು ನೋಡಿದಳು. ಅದು ಬಾತು ತೊಡೆಯ ಗಾತ್ರವಾಗಿತ್ತು. ಕುಬಸದ ತೋಳಿನಲ್ಲಿ ಅದು ಹೋಗುವಂತಿರಲಿಲ್ಲ. ಯಾರೋ ಒಂದು ಟವೆಲ್ಲಿನ ಚೂರಿನಿಂದ ಬಿಗಿದು ಕಟ್ಟಿದ್ದರು, ಬೆರಳುಗಳು ಕಪ್ಪಾಗಿದ್ದವು.

ಗೌರಾಬಾಯಿ ಮೂಲೆಯಲ್ಲಿದ್ದ ಟ್ರಂಕಿನ ಕಡೆ ಹೋದಳು. ಮಗಳಿಗೆ ಒಂದು ಸಡಿಲ ಕುಬಸ ಹುಡುಕಿ ಹಾಕಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಗಾಬರಿಯಲ್ಲಿ ಮನಸ್ಸು ಸಣ್ಣ ಕೆಲಸವನ್ನೇ ಹಿಡಿದುಕೊಳ್ಳುತ್ತದೆ. ಮುಚ್ಚಳ ತೆಗೆದಳು.

ಒಳಗೆ ಖಣಗಳಿದ್ದವು. ಒಂದರ ಮೇಲೊಂದು, ಅವಳು ಕೊಟ್ಟ ಮಡಿಕೆಯಲ್ಲೇ. ಒಂದನ್ನೂ ಹೊಲಿಸಿರಲಿಲ್ಲ. ಕೆಲವುಗಳೊಳಗೆ ಅರಿಷಿಣದ ಕೊಂಬು, ಒಣಗಿದ ಉತ್ತತ್ತಿ ಹಾಗೇ ಇದ್ದವು. ಗೌರಾಬಾಯಿಗೆ ಒಂದೊಂದೂ ನೆನಪಾಯಿತು. ಈ ಕೆಂಪು ಖಣ ಮದುವೆಯಾದ ಹೊಸದರಲ್ಲಿ ಬಂದಾಗ ಕೊಟ್ಟದ್ದು. ಈ ಹಳದಿ, ಜೋಳದ ರಾಶಿಯ ದಿನ ಬಂದಾಗ. ಈ ಹಸಿರು, ದೀಪಾವಳಿ ಆದ ಮೇಲೆ. ಮಗಳು ಓಡಿ ಬಂದ ದಿನಗಳೆಲ್ಲ ಆ ಟ್ರಂಕಿನಲ್ಲಿ ಮಡಿಚಿ ಕುಳಿತಿದ್ದವು. ಅವಳು ಎಣಿಸಲು ಹೋಗಿ ಬಿಟ್ಟಳು.

"ಯಾಕ ಹೊಲಸಿಲ್ಲ?" ಎಂದಳು. ದನಿ ಅವಳದೇ ಅಲ್ಲವೇನೋ ಅನ್ನಿಸುವ ಹಾಗಿತ್ತು.

ಶಿವಕಾಂತಾ ಗೋಡೆಯ ಕಡೆಗೇ ಮುಖ ಇಟ್ಟು ಹೇಳಿದಳು. "ಹೊಲಸಾಕ ಹೋದ್ರ ಅಳತಿ ತಗೋತಾರವ್ವ. ಅಳತಿ ತಗೊಳ್ಳಾಕ ನಿಂತ್ರ ಬೆನ್ನು ಕಾಣತದ."

ವಜೀರುನ್ನಿಸಾ ಅಂಗಿಯನ್ನು ಹಿಂದಿನಿಂದ ಮೆಲ್ಲಗೆ ಎತ್ತಿದಳು. ಗೌರಾಬಾಯಿ ಮಗಳ ಬೆನ್ನನ್ನು ಮದುವೆಯ ದಿನ ಅರಿಷಿಣ ಹಚ್ಚುವಾಗ ನೋಡಿದ್ದೇ ಕೊನೆ. ಈಗ ಅಲ್ಲಿ ಹಳೆಯ ಕಲೆ, ಹೊಸ ಕಲೆ, ಸುಟ್ಟ ಕಲೆ. ಜಾಲರಿ ಸೌಟಿನ ತೂತುಗಳ ಗುರುತು ಚುಕ್ಕೆ ಚುಕ್ಕೆಯಾಗಿ ಮೂಡಿತ್ತು. ಗೌರಾಬಾಯಿ ಕೂಗಲಿಲ್ಲ, ಅಳಲಿಲ್ಲ. ಮಗಳ ಪಕ್ಕ ನೆಲಕ್ಕೆ ಕುಳಿತಳು.

"ನನಗ ಯಾಕ ಹೇಳಲಿಲ್ಲ ಬೇ?"

"ಹೇಳಾಕ ಅಂತನ ಬರ್ತಿದ್ದೆ. ನೀ ಎಲ್ಲಾರೂ ಆರಾಮ ಅದಾರಿಲ್ಲೋ ಅಂತಿದ್ದಿ."

ಅಷ್ಟರಲ್ಲಿ ಬಾಗಿಲಲ್ಲಿ ದತ್ತಪ್ಪ ಬಂದು ನಿಂತ. ಕೈಯಲ್ಲಿ ಎರಡು ಕಪ್ ಚಹಾ. ತೆರೆದ ಟ್ರಂಕು ನೋಡಿದ, ಹೆಂಡತಿಯ ಬೆನ್ನು ನೋಡಿದ. ಓಡಲಿಲ್ಲ, ಸಿಟ್ಟಾಗಲಿಲ್ಲ, ನಾಚಲೂ ಇಲ್ಲ. ಚಹಾವನ್ನು ಜೋಪಾನವಾಗಿ ಕೆಳಗಿಟ್ಟ.

"ತಪ್ಪ ತಿಳೀಬ್ಯಾಡ್ರಿ ಅತ್ತಿ. ಅಕಿಗಿ ಬುದ್ಧಿ ಸಾಲೂದಿಲ್ಲ, ಹೇಳಿದ್ದ ಕೇಳೂದಿಲ್ಲ. ಎಷ್ಟ ಸರ್ತಿ ಓಡಿ ನಿಮ್ಮ ಮನಿಗಿ ಬಂದಾಳ. ನೀವ ಉಡಿ ತುಂಬಿ ತಿರುಗಿ ಕಳಿಸೀರಿ. ತಪ್ಪು ಅಕಿದ ಅದ ಅಂತ ನಿಮಗೂ ಗೊತ್ತಿದ್ದದಕ್ಕ ಕಳಿಸೀರಿ, ಹೌದಿಲ್ಲೋ? ನಾ ಹೊಡಿಯೂದು ತಪ್ಪಿದ್ರ ನೀವು ಒಂದ ಮಾತ ಕೇಳ್ತಿದ್ದಿಲ್ಲೇನ್ರಿ?"

ಅವನು ಕೊಂಕು ಆಡುತ್ತಿರಲಿಲ್ಲ. ಹಾಗೇ ನಂಬಿದ್ದ. ಪ್ರತಿ ಸಲ ತವರಿನಿಂದ ತುಂಬಿದ ಉಡಿ ಬಂದಾಗಲೂ ಅದು ಅವನ ಪಾಲಿಗೆ ಒಂದು ಪರವಾನಗಿ ಬಂದ ಹಾಗಾಗಿತ್ತು. ಗೌರಾಬಾಯಿಗೆ ಎದೆಯ ಮೇಲೆ ಒದ್ದಂತಾಯಿತು. ಮಗಳ ಬೆನ್ನು ನೋಡಿದಾಗ ಆಗದ ಆಘಾತ ಈ ಮಾತಿಗಾಯಿತು ಎಂದು ಆಮೇಲೆ ಅವಳೇ ಸಂಘದಲ್ಲಿ ಹೇಳಿದಳು.

ಅವಳು ಎದ್ದು ನಿಂತಳು. ಅಲ್ಲಿಯ ತನಕ ಅಳಿಯನಿಗೆ ನೀವು ಎನ್ನುತ್ತಿದ್ದವಳು.

"ದತ್ತಪ್ಪ, ಸರಿ ಆ ಕಡಿ. ಇವತ್ತ ನಾ ಉಡಿ ತುಂಬಾಕ ಬಂದಿಲ್ಲ. ನನ್ನ ಮಗಳನ್ನ ಒಯ್ಯಾಕ ಬಂದೇನಿ."

"ನನ್ನ ಹೇಂತಿನ ನಾ ಕಳಸೂದಿಲ್ಲ," ಎಂದು ಅವನು ಬಾಗಿಲಿಗೆ ಅಡ್ಡ ನಿಂತ. ಆಗ ಅವನ ಮುಖ ಬೇರೆಯಾಯಿತು. ಶಿವಕಾಂತಾ ದಿನವೂ ನೋಡುವ ಆ ಮುಖವನ್ನು ಗೌರಾಬಾಯಿ ಮೊದಲ ಸಲ ನೋಡಿದಳು.

ವಜೀರುನ್ನಿಸಾ ಜೋರಾಗಿ, ಹೋಟೆಲಿನಲ್ಲಿ ಕುಳಿತ ಗಿರಾಕಿಗಳಿಗೆ ಕೇಳುವ ಹಾಗೆ ಹೇಳಿದಳು. "ಕಂಡಕ್ಟರ್ ಅಣ್ಣಾ, ಬಸ್ ಸ್ವಲ್ಪ ತಡೀರಿ. ಕೈ ಮುರದಾಕಿನ್ನ ದವಾಖಾನಿಗಿ ಒಯ್ಯಬೇಕಾಗ್ಯಾದ." ಹೊರಗೆ ಬೆಂಚುಗಳು ಸರಿದ ಸದ್ದಾಯಿತು. ನಾಲ್ಕು ಜನ ಎದ್ದು ಬಂದು ಇಣುಕಿದರು. ಗಿರಾಕಿಗಳನ್ನು ಕಂಡದ್ದೇ ದತ್ತಪ್ಪನ ಮುಖ ಮತ್ತೆ ಮೊದಲಿನಂತಾಯಿತು, ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಮೂವರೂ ಹೊರಗೆ ಬಂದರು. ಖಣಗಳ ಗಂಟು ಗೌರಾಬಾಯಿಯ ಕಂಕುಳಲ್ಲಿತ್ತು.

ಗುಲಬರ್ಗಾದ ಸರಕಾರಿ ದವಾಖಾನೆಯಲ್ಲಿ ಡಾಕ್ಟರಮ್ಮ ತೋಳು ಮುಟ್ಟಿ ನೋಡಿ, "ಹ್ಯಾಂಗ ಆಯ್ತು?" ಎಂದು ಕೇಳಿದರು.

"ಬಚ್ಚಲದಾಗ ಜಾರಿ ಬಿದ್ಲರಿ," ಎಂದು ಗೌರಾಬಾಯಿಯ ಬಾಯಿಂದ ಬಂದೇ ಬಿಟ್ಟಿತು. ಎಲ್ಲವನ್ನೂ ಕಣ್ಣಾರೆ ನೋಡಿ ಬಂದವಳು. ಆದರೂ ಬಂತು. ರೂಢಿ ಎನ್ನುವುದು ಎಷ್ಟು ಕೆಟ್ಟದ್ದು ನೋಡಿ.

"ಬಿದ್ದಿಲ್ರಿ," ಎಂದಳು ಶಿವಕಾಂತಾ. "ನನ್ನ ಗಂಡ ಹೊಡದಾನ್ರಿ. ಹಂಗ ಬರೀರಿ."

ಡಾಕ್ಟರಮ್ಮ ಹಾಗೇ ಬರೆದುಕೊಂಡರು. ತೋಳಿನ ಎಕ್ಸರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು.

"ಈ ಕೈ ಮೊದಲೂ ಒಮ್ಮೆ ಮುರದದ. ಯಾರೂ ಕಟ್ಟಿಲ್ಲ, ತಾನ ಸೊಟ್ಟ ಕೂಡ್ಯಾದ. ಅದು ಯಾವಾಗ ಆಗಿತ್ತವ್ವ?"

"ದೀಪಾವಳಿ ಆದ ಮ್ಯಾಲ್ರಿ," ಎಂದಳು ಶಿವಕಾಂತಾ.

ದೀಪಾವಳಿ ಆದ ಮೇಲೆ. ಹಸಿರು ಖಣ. ಎರಡೂ ಕೈಲೆ ಹಿಡೀಬೇಕು ಬೇ.

ಗೌರಾಬಾಯಿಯ ಕೈಯಿಂದ ಗಂಟು ಜಾರಿ ಬಿತ್ತು. ಮುರಿದ ಕೈಯಲ್ಲಿ ಸೆರಗು ಹಿಡಿಸಿ, ಅದರಲ್ಲಿ ಅಕ್ಕಿ ಸುರಿದು, ಹೊಡೆದವನ ಮನೆಗೇ ಕಳಿಸಿದ್ದಳು. ಅವಳು ದವಾಖಾನೆಯ ಗೋಡೆಗೆ ಹಣೆ ಹಚ್ಚಿ ನಿಂತಳು. "ಯವ್ವಾ, ನನ್ನ ಕೈಲೆ ನಾನ ಒಪ್ಪಿಸಿದೆ" ಎಂದಷ್ಟೇ ಅಂದಳು. ವಜೀರುನ್ನಿಸಾ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಳು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂವರೂ ಕುಟುಂಬ ಸಲಹಾ ಕೇಂದ್ರಕ್ಕೆ ಹೋದರು. ಕಚೇರಿಯೆಂದರೆ ದೊಡ್ಡ ಮೇಜು, ಬೈಯುವ ಸಾಹೇಬ ಎಂದುಕೊಂಡಿದ್ದ ಗೌರಾಬಾಯಿಗೆ ಅಲ್ಲಿ ಕಂಡದ್ದು ಒಂದು ಸಾದಾ ಮನೆ, ಚಾಪೆ, ಕುಡಿಯುವ ನೀರಿನ ಕೊಡ. ಶಾರದಾಬಾಯಿ ಎಂಬ ನಡುವಯಸ್ಸಿನ ಹೆಂಗಸು ಶಿವಕಾಂತಾಳನ್ನು ಒಬ್ಬಳನ್ನೇ ಒಳಗೆ ಕರೆದು ಕೂಡಿಸಿಕೊಂಡರು. ತಾಯಿಯನ್ನೂ ಹೊರಗೇ ಇರಲು ಹೇಳಿದರು.

ಅವರು ಮೊದಲು ಕೇಳಿದ್ದು, "ಊಟ ಆಗ್ಯಾದಿಲ್ಲ?" ಆಮೇಲೆ ಕೇಳಿದ್ದು, "ನಿನಗ ಏನ ಬೇಕು?"

ನಿನಗೇನು ಬೇಕು ಎಂದು ಶಿವಕಾಂತಾಳನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. "ಅಂಜಿಕಿ ಇಲ್ಲದ ನಿದ್ದಿ ಮಾಡಬೇಕ್ರಿ" ಎಂದಳು.

ಆ ರಾತ್ರಿಯಿಂದಲೇ ಅವಳಿಗೆ ಹೆಣ್ಣುಮಕ್ಕಳ ತಾತ್ಕಾಲಿಕ ವಸತಿ ಗೃಹದಲ್ಲಿ ಜಾಗ ಸಿಕ್ಕಿತು. ಅಲ್ಲಿ ಊಟ ಉಂಟು, ಬಾಗಿಲಲ್ಲಿ ಕಾವಲು ಉಂಟು, ಗಂಡ ಬಂದರೆ ಅವಳ ಒಪ್ಪಿಗೆಯಿಲ್ಲದೆ ಭೇಟಿ ಇಲ್ಲ.

ಮರುದಿನ ಕಲ್ಯಾಣಪ್ಪ ಸುದ್ದಿ ತಿಳಿದು ಗುಲಬರ್ಗಾಕ್ಕೆ ಬಂದ. ರುಮಾಲು ಸೊಟ್ಟಗಾಗಿತ್ತು, ಕಣ್ಣು ಕೆಂಪಾಗಿದ್ದವು. ಕೇಂದ್ರದ ಹೊಸ್ತಿಲು ದಾಟುತ್ತಲೇ ಶಾರದಾಬಾಯಿಯ ಮೇಲೆ ಹಾಯ್ದ.

"ನಮ್ಮ ಮನಿ ಮಾತಿನ್ಯಾಗ ಬಾಯಿ ಹಾಕಾಕ ನೀವ ಯಾರ್ರಿ? ಮಗಳ ಸಂಸಾರ ಮುರದು ಕುಂದರಿಸಿದ್ರಲ್ಲ."

ಶಾರದಾಬಾಯಿ ದನಿ ಏರಿಸಲಿಲ್ಲ. ಎಕ್ಸರೇ ತಂದು ಕಿಟಕಿಯ ಬೆಳಕಿಗೆ ಹಿಡಿದರು. ಹಳೆಯ ಮುರಿತ ತೋರಿಸಿದರು, ಹೊಸ ಮುರಿತ ತೋರಿಸಿದರು. "ಈ ಹಳೀದು ಆದಾಗ ನಿಮ್ಮ ಮಗಳು ನಿಮ್ಮ ಮನಿಗಿ ಬಂದಿದ್ಲು. ನೀವ ಬಸ್ಸಿಗಿ ಹತ್ತಿಸಿದ್ರಿ. ಮುಂದಿನ ಸರ್ತಿ ಕೈ ಅಲ್ಲ, ಕುತಿಗಿ ಆಗಿದ್ರ ಮರ್ಯಾದಿ ಉಳೀತಿತ್ತೇನ್ರಿ?"

ಕಲ್ಯಾಣಪ್ಪನಿಗೆ ಓದು ಬರಹ ಅಷ್ಟಕ್ಕಷ್ಟೇ. ಮುರಿದ ಎಲುಬು ಓದಲು ಶಾಲೆ ಬೇಕಿಲ್ಲ. ಅವನು ಚಾಪೆಯ ಮೇಲೆ ಕುಳಿತು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಈಗ ಏನ ಮಾಡಬೇಕ್ರಿ?" ಎಂದ.

"ಹೇಂತಿಗಿ ಹಿಂಸಾ ಕೊಡೂದು ಕಾನೂನಿನ್ಯಾಗ ಅಪರಾಧ ಅದ್ರಿ, ಮೂರು ವರ್ಷದ ತನಕ ಜೇಲು ಆಗಬಹುದು. ಪೊಲೀಸರಿಗಿ ದೂರು ಕೊಡಬೇಕಂದ್ರ ನಾವು ಸಂಗಾಟ ಬರ್ತೇವಿ. ವಕೀಲರು ಪುಕ್ಕಟಿ ಸಿಗ್ತಾರ. ಜೀವನಾಂಶ ಕೇಳಾಕೂ ಬರತದ. ಆದ್ರ ಏನ ಮಾಡಬೇಕು ಅಂತ ಹೇಳೂದು ನೀವೂ ಅಲ್ಲ, ನಾವೂ ಅಲ್ಲ. ಅಕಿನ್ನ ಕೇಳ್ರಿ."

ಶಿವಕಾಂತಾ ದೂರು ಕೊಟ್ಟಳು. ಕಲ್ಯಾಣಪ್ಪ ಜೊತೆಗೆ ಹೋಗಿ ಠಾಣೆಯ ಬೆಂಚಿನ ಮೇಲೆ ಕುಳಿತ. ತಲೆ ಎತ್ತಿಯೇ ಕುಳಿತಿದ್ದ.

ಇನ್ನು ದತ್ತಪ್ಪನ ಮಾತು. ಹೊಡೆದವನ ಗತಿ ಏನಾಯಿತು ಎಂದು ನೀವು ಕೇಳುತ್ತೀರಿ, ಕೇಳಬೇಕಾದದ್ದೇ. ಠಾಣೆಗೆ ಕರೆಸಿದ ಮೇಲೆ ಅವನು ಬೆವತು ಹೋದ. ಕೇಂದ್ರದವರು ಅವನನ್ನೂ ಕರೆಸಿದರು. ಅಲ್ಲಿ ಗಂಡಸರ ಜೊತೆ ಮಾತಾಡಲು ಗೌಸಮೊಹಿದ್ದೀನ ಎಂಬವರಿದ್ದರು. ದತ್ತಪ್ಪ ಬಂದವನೇ "ನನ್ನ ಹೇಂತಿನ ನನಗ ಕೊಡ್ರಿ" ಎಂದ.

"ಅಕಿ ಏನ ಸಾಮಾನೇನಪ್ಪಾ, ಎತ್ತಿ ಕೊಡಾಕ? ಕುಂದರು. ಯಾಕ ಹೊಡೀತಿ, ಹೇಳು."

"ಸಿಟ್ಟ ಬರತದ್ರಿ. ಬಂದ್ರ ತಡಿಯಾಕ ಆಗೂದಿಲ್ರಿ."

"ನಿನ್ನ ಹೋಟೆಲಕ್ಕ ಬಂದ ಡ್ರೈವರ್, ಇದೇನ ಚಹಾನೋ ಕಲಗಚ್ಚೋ ಅಂದ್ರ ಸಿಟ್ಟ ಬರೂದಿಲ್ಲ?"

"ಬರತದ್ರಿ."

"ಸೌಟ ತಗೊಂಡ ಹೊಡೀತಿ?"

"ಗಿರಾಕಿಗಿ ಹ್ಯಾಂಗ ಹೊಡಿಯಾಕ ಆಗತದ್ರಿ?"

"ಹಂಗಾರ ನಿನಗ ತಡಿಯಾಕ ಬರತದ. ಯಾರ ಮುಂದ ತಡೀಬೇಕು, ಯಾರ ಮುಂದ ಬ್ಯಾಡ ಅಂತ ನೀನ ಆರಿಸ್ತಿ."

ಆ ಮಾತಿಗೆ ದತ್ತಪ್ಪ ಬೆಚ್ಚಿಬಿದ್ದ. ತನ್ನ ಸಿಟ್ಟನ್ನು ಅವನು ಮೈಗೆ ಬರುವ ಜ್ವರದ ಹಾಗೆ ತಿಳಿದಿದ್ದ, ಅದು ತನ್ನದೇ ಆಯ್ಕೆ ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ಅವನು ಮೇಲಿಂದ ಮೇಲೆ ಕೇಂದ್ರಕ್ಕೆ ಬರತೊಡಗಿದ. ಬೇರೆ ಗಂಡಸರೂ ಬರುತ್ತಾರೆ, ಚಾಪೆಯ ಮೇಲೆ ಕುಳಿತು ಮಾತಾಡುತ್ತಾರೆ. ಅಲ್ಲಿಗೆ ಬಂದರೆ ಕೇಸು ಹೋಗುವುದಿಲ್ಲ, ಕೇಸು ತನ್ನ ದಾರಿಯಲ್ಲಿ ನಡೆದಿದೆ. ಹೆಂಡತಿ ತಿರುಗಿ ಬರುತ್ತಾಳೆ ಎಂಬ ಖಾತ್ರಿಯನ್ನೂ ಯಾರೂ ಕೊಡುವುದಿಲ್ಲ. ಅವನು ಪೂರಾ ಬದಲಾದ ಎಂದು ನಾನು ಸುಳ್ಳು ಹೇಳಲಾರೆ. ಕಲಿಯುತ್ತಿದ್ದಾನೆ, ಅಷ್ಟೇ.

"ಅಂವ ಕಲೀಲಿ, ಅದು ಅವನ ಕೆಲಸ," ಎನ್ನುತ್ತಾಳೆ ಶಿವಕಾಂತಾ. "ನಾ ಹೋಗೂದು ಬಿಡೂದು ನನ್ನ ಕೆಲಸ. ಈಗ ಹೋಗಾಂಗಿಲ್ಲ."

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ನರೋಣಾಕ್ಕೆ ಬಂದಳು. ಬಸ್ಸಿನಿಂದ ಇಳಿದಾಗ ಕಟ್ಟೆಯ ಮೇಲಿದ್ದವರ ಮಾತು ನಿಂತಿತು. ಕಲ್ಯಾಣಪ್ಪ ಖಣಗಳ ಗಂಟು ಹೊತ್ತುಕೊಂಡು ಕಟ್ಟೆಯ ಎದುರೇ ನಿಂತು, "ನನ್ನ ಮಗಳು ಮನಿಗಿ ಬಂದಾಳ್ರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಮುಂದೆ ನಡೆದ. ಯಾರೂ ಮೋಡ ನೋಡಲಿಲ್ಲ.

ಗೋಡೆಯಾಚೆ ವಜೀರುನ್ನಿಸಾ ಟೇಪು ಹಿಡಿದು ಕಾಯುತ್ತಿದ್ದಳು. ಶಿವಕಾಂತಾ ಬೆನ್ನು ತಿರುಗಿಸಿ ನಿಂತಳು. ವಜೀರುನ್ನಿಸಾ ಆ ಕಲೆಗಳ ಮೇಲೆ ಟೇಪು ಇಟ್ಟು ಅಳತೆ ತೆಗೆದಳು, ಒಂದು ಗೆರೆಯನ್ನೂ ನೋಡದ ಹಾಗೆ ನಟಿಸಲಿಲ್ಲ. ಮೊದಲು ಹೊಲಿದದ್ದು ಹಸಿರು ಖಣ. ಎಡತೋಳು ಸ್ವಲ್ಪ ಸಡಿಲ ಇಟ್ಟಳು, ಆ ಕೈ ಈಗ ನೆಟ್ಟಗೆ ಚಾಚುವುದಿಲ್ಲ.

ಅಂದು ಸಂಜೆ ಗೌರಾಬಾಯಿ ಮಣೆ ಹಾಕಿದಳು. ಶಿವ​ಕಾಂತಾ ಬೆದರಿ ತಾಯಿಯ ಮುಖ ನೋಡಿದಳು. ಉಡಿ ತುಂಬುವುದೆಂದರೆ ನಾಳೆ ಬಸ್ಸು ಎಂದೇ ಅವಳಿಗೆ ಗೊತ್ತಿತ್ತು.

"ಕಳಸಾಕಲ್ಲ ಬೇ," ಎಂದಳು ಗೌರಾಬಾಯಿ. "ಬಂದಿದ್ದಕ್ಕ ತುಂಬಾಕತ್ತೇನಿ. ಕುಂದರು. ಒಂದ ಕೈಲೆ ಹಿಡದ್ರೂ ಸಾಕು."

ಶಿವಕಾಂತಾ ಎರಡೂ ಕೈಯಲ್ಲಿ ಸೆರಗು ಒಡ್ಡಿದಳು. ಆಮೇಲೆ ತಾಯಿ ಮಗಳು ಇಬ್ಬರೂ ಅತ್ತರು, ವಜೀರುನ್ನಿಸಾ ಇಬ್ಬರಿಗೂ ಬೈದು ಕಣ್ಣೊರೆಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳಿ ಅಯ್ಯೋ ಪಾಪ ಎಂದು ಎದ್ದು ಹೋಗಬೇಡಿ. ಪೆಟ್ಟು ತಿನ್ನುತ್ತಿರುವ ತಂಗಿಯೇ, ತಪ್ಪು ನಿನ್ನದಲ್ಲ. ಮೊದಲು ಸರಕಾರಿ ದವಾಖಾನೆಗೆ ಹೋಗು, ಬಿದ್ದೆ ಎನ್ನಬೇಡ, ಹೊಡೆದರು ಎಂದೇ ಹೇಳು. ನಿಮ್ಮೂರಿನ ಮಹಿಳಾ ಸಂಘ, ಅಂಗನವಾಡಿಯ ಅಕ್ಕ, ಪೊಲೀಸ್ ಠಾಣೆ, ಕುಟುಂಬ ಸಲಹಾ ಕೇಂದ್ರ, ಯಾರ ಬಾಗಿಲು ಹತ್ತಿರವೋ ಅದನ್ನು ತಟ್ಟು. ಕೈ ಎತ್ತುವ ಅಣ್ಣನೇ, ಗಿರಾಕಿಯ ಮುಂದೆ ತಡೆಯುವ ಸಿಟ್ಟನ್ನು ಮನೆಯಲ್ಲೂ ತಡೆಯಲು ಬರುತ್ತದೆ. ಬರುವುದಿಲ್ಲ ಎನ್ನಿಸಿದರೆ ಪೊಲೀಸರು ಕರೆಯುವ ತನಕ ಕಾಯಬೇಡ, ನೀನಾಗಿಯೇ ಸಲಹಾ ಕೇಂದ್ರಕ್ಕೆ ಹೋಗಿ ಕುಳಿತುಕೋ. ಕಟ್ಟೆಯ ಮೇಲೆ ಕುಳಿತ ಹಿರಿಯರೇ, ಬರಿಗೈಯಲ್ಲಿ ಬಸ್ಸಿಳಿದ ಹೆಣ್ಣುಮಗಳನ್ನು ಕಂಡರೆ ಮೋಡ ನೋಡಬೇಡಿ, ಏನಾಯಿತವ್ವ ಎಂದು ಕೇಳಿ.

ತಾಯಂದಿರೇ, ಮಗಳ ಉಡಿ ತುಂಬಿ, ಬೇಡ ಎನ್ನುವುದಿಲ್ಲ. ತುಂಬುವ ಮೊದಲು ಅವಳ ಬೆನ್ನು ನೋಡಿ.